ಸಂಧಿಕಾರ್ಯ

ಗ್ರಿಮ್ಸ್‌ಬಿ ಆಸ್ಪತ್ರೆಯ ಹಿಂಬಾಗಿಲಲ್ಲಿ
ಎರಡು ಇಪ್ಪತ್ತಕ್ಕೆ ಸಹಿ ಹಾಕಿ
ರಕ್ತದ ಪೆಟ್ಟಿಗೆಯನ್ನು ವ್ಯಾನಿಗೇರಿಸಿದೆ.
ಮೂವತ್ತೊಂದು ಸೀಸೆ. ಎಲ್ಲಕ್ಕೂ ಹೆಸರಿದೆ,
ನಾನು ಓದುವುದಿಲ್ಲ.
ಹಲ್ ಊರಿನ ಪ್ರಯೋಗಾಲಯಕ್ಕೆ ಐವತ್ತು ನಿಮಿಷದ ದಾರಿ.
ಕೀಲಿಯ ಮಿಕ್ಸು ಅರವತ್ತೆರಡು.

ಕೀಲಿ ಅವಳ ಹೆಸರು. ಮೊದಲ ದಿನ ನಗು ತಡೆದುಕೊಂಡಿದ್ದೆ.
ಹಗಲು ಕ್ಯಾರವಾನ್ ಕಾರ್ಖಾನೆಯಲ್ಲಿ
ಕಿಟಕಿಗೆ ರಬ್ಬರಿನ ಅಂಚು ಕೂರಿಸುತ್ತಾಳೆ,
ರಾತ್ರಿ, ಹೆಸಲ್ ರಸ್ತೆಯ ಮುಚ್ಚಿದ ಕಾರ್ಪೆಟ್ ಅಂಗಡಿಯ ಮೇಲೆ,
ನನ್ನ ಗೋಡೆಯಾಚೆ,
ಎರಡು ತಟ್ಟೆಗಳ ನಡುವೆ ಬಗ್ಗಿ ನಿಂತಿರುತ್ತಾಳೆ.
ಸದ್ದಾಯಿತೇ ಎಂದು ಕ್ಷಮೆ ಕೇಳಲು ಬಂದವಳಿಗೆ
ಸದ್ದಲ್ಲ, ನಡುವೆ ನಿಂತುಬಿಡುತ್ತದಲ್ಲ,
ಆಗ ನಿದ್ದೆ ಬರುವುದಿಲ್ಲ ಎಂದಿದ್ದೆ.
ಮರುದಿನ ಪೆನ್‌ಡ್ರೈವ್ ಬಾಗಿಲ ಸಂದಿಯಲ್ಲಿತ್ತು.

ಮೊದಲ ಏಳು ನಿಮಿಷ ಏನೂ ಇಲ್ಲ.
ಯಾರೋ ಫ್ರಿಜ್ಜಿನ ಬಾಗಿಲು ಮರೆತು ಹೋದಂಥ ಗುಂಯ್.
ಆಮೇಲೆ ನೆಲದಡಿಯಿಂದ ಪೆಟ್ಟು.
ತಮಟೆಯಲ್ಲ, ನಗಾರಿಯಲ್ಲ,
ಪಕ್ಕದ ಮನೆಯ ಕದ ತಟ್ಟುತ್ತಾರೆ,
ನಮ್ಮದಲ್ಲ ಎಂದು ಸುಮ್ಮನಿರುತ್ತೇವಲ್ಲ,
ಆ ತಟ್ಟು. ಬಿಡದೆ.
ಇಮ್ಮಿಂಗ್‌ಹ್ಯಾಮಿನ ತೈಲಾಗಾರದ ಬೆಂಕಿ
ಕಪ್ಪಿನಲ್ಲಿ ಒಂದೇ ಸಮ ಉರಿಯುತ್ತಿತ್ತು.
ಹಾಡಿಲ್ಲ, ಮಾತಿಲ್ಲ, ಸಮಾಧಾನ ಹೇಳುವವರಿಲ್ಲ.
ನನಗೆ ಸಮಾಧಾನವಾಯಿತು.

ಒಂದು ಮುಗಿದು ಇನ್ನೊಂದು ಶುರುವಾದದ್ದು ಎಲ್ಲಿ?
ಹುಡುಕಿದೆ, ಹಳೆಯ ಚಟ.
ಬನಹಟ್ಟಿಯ ಹೈಸ್ಕೂಲಿನಲ್ಲಿ ಏಳು ವರ್ಷ
ಎಂಟನೆಯ ಬಿ ವರ್ಗಕ್ಕೆ ಸಂಧಿ ಹೇಳಿದವಳು ನಾನು.
ಊರು, ಅಲ್ಲಿ. ಉಕಾರ ಬಿದ್ದುಹೋಗಿ ಊರಲ್ಲಿ. ಲೋಪ.
ಮನೆ, ಅನ್ನು. ನಡುವೆ ಕರೆಯದೆ ಬಂದ ಯಕಾರ. ಆಗಮ.
ಮಳೆ, ಕಾಲ. ಕಕಾರ ಎದ್ದು ಸೀಟು ಬಿಡುತ್ತದೆ,
ಅಲ್ಲಿ ಗಕಾರ ಕೂರುತ್ತದೆ,
ಸಂತೆಯ ಬಸ್ಸಿನಲ್ಲಿ ಕೂತ ಹಾಗೆ. ಆದೇಶ.
ಹುಡುಗರು ಆಕಳಿಸುತ್ತಿದ್ದರು.
ಹೊರಗೆ ಓಣಿಯ ತುಂಬ ಮಗ್ಗಗಳು, ಖಟಕ್ ಖಟಕ್.
ಅವರು ಕೇಳುತ್ತಿದ್ದದ್ದು ಅದನ್ನೇ. ಈಗ ತಿಳಿಯುತ್ತದೆ.
ಪರಪ್ಪ ಹಟಗಾರ ಒಬ್ಬನೇ ಒಮ್ಮೆ ಎದ್ದು ನಿಂತಿದ್ದ:
‘ಬಿದ್ದ ಉಕಾರ ಎಲ್ಲಿ ಹೋತ್ರೀ ಟೀಚರ್?’
ಕೂಡು ಅಂದಿದ್ದೆ.

ಕೀಲಿಯ ಕೈ ಎಲ್ಲ ಸೂತ್ರವನ್ನೂ ಬಲ್ಲದು.
ಮಂದ್ರವನ್ನು ಎಷ್ಟು ಮೆಲ್ಲಗೆ ಕಳಚುತ್ತಾಳೆಂದರೆ
ಅದು ಹೋದದ್ದು ಹೊಟ್ಟೆಗೆ ಮೊದಲು ಗೊತ್ತಾಗುತ್ತದೆ,
ಕಿವಿಗೆ ಆಮೇಲೆ.
ಹಂಬರ್ ಸೇತುವೆಯ ಮೇಲೆ ಮಂಜು.
ಗೋಪುರದ ಕೆಂಪು ದೀಪ ಮಾತ್ರ ಕಾಣುತ್ತದೆ, ಗೋಪುರವಿಲ್ಲ.
ನಲವತ್ತೊಂದನೆಯ ನಿಮಿಷ.
ಎರಡು ಲಯ ಒಂದರ ಕಾಲು ಇನ್ನೊಂದು ತುಳಿದು ಎಡವಿದವು,
ಎಂಟೇ ಎಂಟು ಎಣಿಕೆ,
ಅದೇ ಹೊತ್ತಿಗೆ ಸೇತುವೆಯ ಕೀಲು ಟಯರಿನಡಿ ಟಕ್ಕೆಂದಿತು.
ಅಬ್ಬಾ, ಇದೇನು!
ಅಬ್ಬಾ, ಇದೇನು: ಸಂಧಿಯಾಗುವುದಿಲ್ಲ.
ಎರಡೂ ಸ್ವರ ಮುಖಾಮುಖಿ ನಿಂತೇ ಇರುತ್ತವೆ.
ಪ್ರಕೃತಿಭಾವ.
ಆ ಪಾಠವನ್ನು ಪರೀಕ್ಷೆಗೆ ಬರುವುದಿಲ್ಲವೆಂದು
ಪ್ರತಿ ವರ್ಷ ಬಿಟ್ಟುಬಿಡುತ್ತಿದ್ದೆ.

ಮೂರು ಹತ್ತು. ಪ್ರಯೋಗಾಲಯ.
ನಿಲ್ಲಿಸುವ ಗುಂಡಿಯಿತ್ತು, ಒತ್ತಲಿಲ್ಲ.
ಪೆಟ್ಟಿಗೆ ಒಯ್ದು ಕೊಟ್ಟು, ಸಹಿ ತೆಗೆದುಕೊಂಡು ಬಂದೆ.
ಖಾಲಿ ವ್ಯಾನಿನಲ್ಲಿ, ನಾನಿಲ್ಲದೆ,
ಅದು ನಾಲ್ಕು ನಿಮಿಷ ಮುಂದೆ ಹೋಗಿತ್ತು.
ಹಿಂದಕ್ಕೆ ಎಳೆಯಲಿಲ್ಲ, ಇವತ್ತಿಗೂ ಎಳೆದಿಲ್ಲ.
ಪರಪ್ಪಾ, ಅಲ್ಲೇ ಎಲ್ಲೋ ಇರಬೇಕು ನಿನ್ನ ಉಕಾರ.
ಉಳಿದ ಎಂಟು ನಿಮಿಷ ಸೀಟು ಬೆಲ್ಟು ಬಿಚ್ಚದೆ ಕೂತೆ.

ಗುರುವಾರ ಕಸದ ಡಬ್ಬಿಗಳ ಹತ್ತಿರ ಸಿಕ್ಕಳು.
ಹೇಗಿತ್ತು, ಎಂದಳು.
ನನ್ನ ಇಂಗ್ಲಿಷಿನಲ್ಲಿ ಸಂಧಿ ಇಲ್ಲ.
ನಲವತ್ತೊಂದನೆಯ ನಿಮಿಷ, ಎಂದೆ.
ರಬ್ಬರಿನ ಕಪ್ಪು ಕೂತ ಉಗುರುಗಳಲ್ಲಿ ಮುಖ ಮುಚ್ಚಿಕೊಂಡು,
ಅಯ್ಯೋ, ಅದು ತಪ್ಪು, ಸರಿಮಾಡುತ್ತೇನೆ, ಎಂದಳು.
ಏಳು ವರ್ಷ ಕೆಂಪು ಪೆನ್ನು ಹಿಡಿದವಳು ನಾನು,
ಬೇಡ, ಎಂದೆ.